ಹಳೆ ಬೈಕ್, ರೇಸ್ ಕಾರುಗಳ ಮ್ಯೂಸಿಯಂಗೆ ಅರ್ಧ ದಿನ ಸಾಕಾ? ತಪ್ಪದೆ ನೋಡಬೇಕಾದ ಹತ್ತು ಯಾವುವು?

ಅರ್ಧ ದಿನ, ಹಲವು ಮಹಡಿ, ನೂರಾರು ಗಾಡಿ, ಕೈಯಲ್ಲೊಂದು ಪಟ್ಟಿ. ನಾನೂ ಹೀಗೇ ಹೋಗಿದ್ದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಪಟ್ಟಿ ಕೇಳಿದ ಸಾಲಿನ ಮೇಲಲ್ಲ. ಕೊನೆಗೆ ಒಂದು ಮಾತು ಸೇರಿಸಿದ್ದೀರಲ್ಲ, ಮನೆಯಲ್ಲಿ ಒಂದು ಹಳೆ ಬೈಕ್ ಬಿಚ್ಚಿಟ್ಟು ನಿಧಾನಕ್ಕೆ ಜೋಡಿಸ್ತಾ ಇದ್ದೀರಿ ಅಂತ, ಅದನ್ನು ಓದಿಯೇ ಉತ್ತರ ಬರೆಯಲು ಕೂತೆ.

ಆಗ ನನ್ನ ಹತ್ತಿರ ಒಂದು ಬಿಎಸ್‌ಎ ಬಿ31 ಇತ್ತು. ಬ್ರಿಟಿಷ್ ಕಂಪನಿಯ ಬೈಕ್, 1950ರ ದಶಕದ್ದು, 350 ಸಿಸಿ, ಒಂಟಿ ಸಿಲಿಂಡರ್. ನನ್ನ ಕೈಗೆ ಬಂದಾಗ ಅದು ಡಬ್ಬಗಳಲ್ಲಿತ್ತು. ಬಿಚ್ಚಿದವರು ಯಾವುದು ಎಲ್ಲಿಗೆ ಅಂತ ಬರೆದಿಟ್ಟಿರಲಿಲ್ಲ. ಎರಡು ವರ್ಷ ಕೂತು ಎಂಜಿನ್, ಗೇರ್‌ಬಾಕ್ಸ್ ಮುಗಿಸಿದ್ದೆ. ವೈರಿಂಗ್, ಕೇಬಲ್, ಚಿಕ್ಕಪುಟ್ಟ ಬ್ರಾಕೆಟ್‌ಗಳು ಬಾಕಿ ಇದ್ದವು. ಅದೇ ಸಮಯಕ್ಕೆ ಮ್ಯೂಸಿಯಂ ನೋಡುವ ಅವಕಾಶ ಬಂತು. ನಾಲ್ಕು ಗಂಟೆ ಇತ್ತು.

ಪಟ್ಟಿಯಲ್ಲಿ ಮೊದಲನೆಯದು ಬ್ರಿಟನ್ ವಿ1000. ಇದು ದೇಶದ ಹೆಸರಲ್ಲ. ಜಾನ್ ಬ್ರಿಟನ್ ಅಂತ ನ್ಯೂಜಿಲೆಂಡಿನ ಎಂಜಿನಿಯರ್ ಒಬ್ಬರು 1990ರ ದಶಕದಲ್ಲಿ ಕೆಲವೇ ಜನರನ್ನು ಕಟ್ಟಿಕೊಂಡು ಮಾಡಿದ ರೇಸ್ ಬೈಕ್. ಎಂಜಿನ್ ಕೂಡ ಅವರದೇ. ಒಟ್ಟು ತಯಾರಾದದ್ದು 10. ಎರಡನೆಯದು ಹೋಂಡಾದ ಆರು ಸಿಲಿಂಡರಿನ 250, ಅಂದರೆ 1966ರಲ್ಲಿ ಬ್ರಿಟಿಷ್ ರೇಸರ್ ಮೈಕ್ ಹೇಲ್‌ವುಡ್ ವಿಶ್ವ ಚಾಂಪಿಯನ್ ಆದ ಆರ್‌ಸಿ166. ಒಂದೊಂದು ಸಿಲಿಂಡರ್ ಸುಮಾರು 41 ಸಿಸಿ ಅಷ್ಟೇ. ಆಮೇಲೆ ಬ್ರಿಟನ್ ದೇಶದ ಲೋಟಸ್ ಕಂಪನಿಯ ರೇಸ್ ಕಾರುಗಳು, ಇನ್ನೂ ಏನೇನೋ.

ಎಲ್ಲವನ್ನೂ ನೋಡಿದೆ. ನೋಡಿದೆ ಅಂದರೆ ಮುಂದೆ ನಿಂತು ಫೋಟೋ ತೆಗೆದೆ. ಬ್ರಿಟನ್‌ನ ರೇಡಿಯೇಟರ್ ಮುಂದೆ ಇಲ್ಲ, ಸೀಟಿನ ಕೆಳಗಿದೆ. ಗಾಳಿ ಮುಂದಿನಿಂದ ಒಳಗೇ ಹರಿದು ಅಲ್ಲಿಗೆ ಬರಬೇಕು. ಆ ಬೈಕಿನಲ್ಲಿ ನೋಡಬೇಕಾದ್ದು ಅದನ್ನೇ. ನಾನು ಮುಂದಿನಿಂದ ಒಂದು, ಪಕ್ಕದಿಂದ ಒಂದು ಕ್ಲಿಕ್ ಮಾಡಿ ಹೊರಟೆ. ಆ ಎರಡು ಕೋನ ಬೇರೆಯವರ ಫೋಟೋಗಳಲ್ಲಿ ಮೊದಲೇ ನೂರು ಸಲ ನೋಡಿದ್ದವು.

ಮೂರನೇ ಮಹಡಿಯ ಒಂದು ಮೂಲೆಯಲ್ಲಿ ಬಿ31 ಸಿಕ್ಕಿತು. ನನ್ನದೇ ಮಾಡೆಲ್, ಹೆಚ್ಚುಕಡಿಮೆ ಅದೇ ವರ್ಷ. ಅದರ ಮುಂದೆ ಯಾರೂ ಇರಲಿಲ್ಲ. ಅಂಥ ಸಾಮಾನ್ಯ ಗಾಡಿಯ ಮುಂದೆ ಯಾರು ನಿಲ್ತಾರೆ? ಪಕ್ಕದಲ್ಲಿ ಒಬ್ಬ ವಯಸ್ಸಾದ ಸ್ವಯಂಸೇವಕರು ಕೂತಿದ್ದರು. ನನ್ನ ಮುಖ ನೋಡಿ ಎದ್ದು ಬಂದರು.

"ಇದು ನಿಮ್ಮ ಹತ್ತಿರ ಇದೆಯಾ? ಏನಾದರೂ ಹತ್ತಿರದಿಂದ ನೋಡಬೇಕಾ? ಟಾರ್ಚ್ ಇದೆ."

"ಇಲ್ಲ ಸರ್, ಇನ್ನೂ ಒಂದು ಮಹಡಿ ಬಾಕಿ ಇದೆ" ಅಂದೆ.

ಬಲಗಡೆಯಿಂದ ಒಂದು ಫೋಟೋ ತೆಗೆದೆ. ಒಂದೇ. ಇಡೀ ಗಾಡಿ ಚೆನ್ನಾಗಿ ಬಂದಿತ್ತು.

ಆ ಒಂದು ಫೋಟೋ ಏನು ಮಾಡಿತು ಅಂತ ಪೂರ್ತಿ ಹೇಳ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಆದರೆ ಇದೇ ತಪ್ಪು ನಿಮ್ಮಿಂದ ಆಗಬಾರದು.

ಥ್ರಾಟಲ್ ಇರುವುದು ಬಲಗಡೆ ಹ್ಯಾಂಡಲ್‌ನಲ್ಲಿ. ಕಾರ್ಬ್ಯುರೇಟರ್ ಸಿಲಿಂಡರಿನ ಹಿಂದೆ. ನಡುವೆ ಕೇಬಲ್ ಟ್ಯಾಂಕಿನ ಕೆಳಗೆ ಹೋಗುತ್ತದೆ. ಸ್ಟಿಯರಿಂಗ್ ಹೆಡ್‌ನ, ಅಂದರೆ ಹ್ಯಾಂಡಲ್ ತಿರುಗುವ ಫ್ರೇಮಿನ ಕತ್ತಿನ, ಯಾವ ಬದಿಯಿಂದ, ಎಷ್ಟು ಸುತ್ತಿಕೊಂಡು ಒಳಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ನನ್ನ ಫೋಟೋದಲ್ಲಿ ಕೇಬಲ್ ಹ್ಯಾಂಡಲ್‌ನಿಂದ ಹೊರಟದ್ದು ಕಾಣ್ತಿತ್ತು, ಆಮೇಲೆ ಟ್ಯಾಂಕ್ ಎಲ್ಲವನ್ನೂ ಮುಚ್ಚಿತ್ತು. ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಫೋಟೋ ತೆಗೆದಿದ್ದರೆ ಉತ್ತರ ಅದರಲ್ಲೇ ಇರುತ್ತಿತ್ತು. ಇರಲಿಲ್ಲವಲ್ಲ, ಊಹೆ ಮಾಡಿದೆ. ಬಲಗಡೆಯಿಂದಲೇ ನೇರವಾಗಿ, ಬಿಗಿಯಾಗಿ, ನೋಡಲು ಅಚ್ಚುಕಟ್ಟಾಗಿ ಕಾಣುವ ಹಾಗೆ ಹಾಕಿದೆ.

ಕೇಬಲ್ ಅಂದರೆ ಎರಡು ವಸ್ತು. ಒಳಗೆ ತಂತಿ, ಹೊರಗೆ ಕವಚ. ತಂತಿ ಎಳೆದರೆ ಕಾರ್ಬ್ಯುರೇಟರಿನ ಒಳಗಿನ ಸ್ಲೈಡ್ ಮೇಲೇಳುತ್ತದೆ, ಎಂಜಿನ್‌ಗೆ ಹೆಚ್ಚು ಗಾಳಿ, ಪೆಟ್ರೋಲ್ ಹೋಗುತ್ತದೆ. ತಂತಿಯನ್ನು ಎಳೆಯದೆ, ಕವಚದ ತುದಿ ತಾನು ಕೂತ ಜಾಗದಿಂದ ಕೆಲವೇ ಮಿಲಿಮೀಟರ್ ಆಚೆ ಜಾರಿದರೂ ಪರಿಣಾಮ ಒಂದೇ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಬಲಗಡೆ ತುದಿ ಮುಂದಕ್ಕೆ ಹೋಗುತ್ತದೆ, ಕಾರ್ಬ್ಯುರೇಟರಿನಿಂದ ದೂರ ಆಗುತ್ತದೆ. ಕೇಬಲ್‌ಗೆ ಸಡಿಲ ಇಲ್ಲದಿದ್ದರೆ ಕವಚ ಜಗ್ಗುತ್ತದೆ. ನೀವು ಕೈ ತಿರುಗಿಸದೆಯೇ ಎಂಜಿನ್ ಏರುತ್ತದೆ.

ನಾನು ಪರೀಕ್ಷೆ ಮಾಡಿದ್ದೆ. ಹ್ಯಾಂಡಲ್ ನೇರ ಇಟ್ಟುಕೊಂಡು, ಎಂಜಿನ್ ಆಫ್ ಇದ್ದಾಗ, ಥ್ರಾಟಲ್ ತಿರುಗಿಸಿ ಬಿಟ್ಟರೆ ಟಕ್ ಅಂತ ವಾಪಸ್ ಬರ್ತಿತ್ತು. ಸರಿ ಇದೆ ಅಂದುಕೊಂಡೆ. ಮೊದಲ ದಿನ ನಿಧಾನಕ್ಕೆ ಓಡಿಸಿ, ವಾಪಸ್ ಬರಲು ಎಡಕ್ಕೆ ಯೂ ಟರ್ನ್ ತೆಗೆದುಕೊಂಡೆ. ಹ್ಯಾಂಡಲ್ ಕೊನೆ ಮುಟ್ಟಿದ ಕ್ಷಣ ಎಂಜಿನ್ ಕೂಗಿತು, ಗಾಡಿ ಮುಂದಕ್ಕೆ ಹಾರಿತು. ಎಡಗಡೆಗೆ ಬಿದ್ದೆ. ಎಡ ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಆ ಟ್ಯಾಂಕಿಗೆ ನಾನೇ ಮೂರು ತಿಂಗಳು ಕೂತು ಬಣ್ಣ ಹಚ್ಚಿದ್ದೆ. ಅದು ಅಂಗೈ ಅಗಲ ನೆಗ್ಗಿತು.

ದಯವಿಟ್ಟು ನೀವು ಹೀಗೆ ಮಾಡಿ: ಟ್ಯಾಂಕ್ ಕೂರಿಸಿದ ಮೇಲೆ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಬಿಟ್ಟು, ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಶಬ್ದ ಒಂಚೂರೂ ಬದಲಾಗಬಾರದು. ಟ್ಯಾಂಕ್ ಇಲ್ಲದೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಟ್ಯಾಂಕ್ ಕೂತಾಗ ಅದು ಕೇಬಲ್ಲನ್ನು ಒತ್ತಿ ಹಿಡಿಯಬಹುದು.

ಕೈ ಸರಿಯಾದ ಮೇಲೆ ಅದೇ ಮ್ಯೂಸಿಯಂಗೆ ಮತ್ತೆ ಹೋದೆ. ಈ ಸಲ ಪಟ್ಟಿ ಇರಲಿಲ್ಲ. ನೇರ ಮೂರನೇ ಮಹಡಿಗೆ ಹೋದೆ. ಅದೇ ಹಿರಿಯರು ಇದ್ದರು. ನಡೆದದ್ದು ಹೇಳಿದೆ. ಅವರು ಏನೂ ಅನ್ನಲಿಲ್ಲ, ಟಾರ್ಚ್ ಹಿಡಿದು ಬಂದು ನನ್ನ ಜೊತೆ ನೆಲದ ಮೇಲೆ ಕೂತರು. ಇಬ್ಬರೂ ಎರಡೂವರೆ ಗಂಟೆ ಒಂದೇ ಗಾಡಿ ನೋಡಿದೆವು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೆ ಕಿಡಿಯ ಸಮಯ ಹೊಂದಿಸುವ ಅಡ್ವಾನ್ಸ್ ಕೇಬಲ್ ಎಲ್ಲಿ ಬಾಗುತ್ತೆ, ಯಾವ ಕ್ಲಿಪ್ ಎಲ್ಲಿ, ಆಯಿಲ್ ಪೈಪ್ ಯಾವುದಕ್ಕೆ ತಾಗದ ಹಾಗೆ ಹೋಗುತ್ತೆ, ಎಲ್ಲ ತೋರಿಸಿದರು. ಜೊತೆಗೆ ಒಂದು ಮುಖ್ಯ ಮಾತೂ ಹೇಳಿದರು: ಇದರ ಸೈಲೆನ್ಸರ್ ಕ್ಲ್ಯಾಂಪ್ ಬೇರೆ ಮಾಡೆಲ್‌ದು, ನೋಡಿ ಹಾಗೇ ಮಾಡಬೇಡಿ. ಮ್ಯೂಸಿಯಂನಲ್ಲಿದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಫಳಫಳ ಹೊಳೆಯುವ ಗಾಡಿಗಿಂತ ಬಣ್ಣ ಮಾಸಿದ, ಯಾರೂ ಬಿಚ್ಚದ ಗಾಡಿಯನ್ನೇ ನಾನೀಗ ಹೆಚ್ಚು ನಂಬ್ತೇನೆ.

ಹಾಗಾಗಿ ತಪ್ಪದೆ ನೋಡಬೇಕಾದ ಹತ್ತು ಅಂತ ನಾನು ಕೊಡುವುದಿಲ್ಲ. ಆ ಪ್ರಶ್ನೆಯೇ ಬೇಡ. ನಿಮ್ಮ ಮಾಡೆಲ್ ಅಲ್ಲಿದೆಯಾ ಅಂತ ಮೊದಲೇ ಬರೆದು ಕೇಳಿ, ಯಾಕಂದರೆ ಎಷ್ಟೋ ಮ್ಯೂಸಿಯಂಗಳು ತಮ್ಮ ಹತ್ತಿರ ಇರುವುದನ್ನೆಲ್ಲ ಒಟ್ಟಿಗೆ ಹೊರಗಿಡುವುದಿಲ್ಲ. ಇದ್ದರೆ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ. ಎರಡೂ ಬದಿ, ಮುಂದಿನಿಂದ ಹೆಡ್‌ಲೈಟಿನ ಹಿಂಭಾಗ, ಕೆಳಗಿನಿಂದ ಟ್ಯಾಂಕಿನ ಅಡಿ, ಎಲ್ಲದರ ಫೋಟೋ ತೆಗೆಯಿರಿ. ಮುಟ್ಟಬೇಡಿ, ಕೇಳಿ. ಕ್ಯಾಮೆರಾ ಯಾವುದಾದರೂ ಆಗುತ್ತೆ, ಫ್ಲ್ಯಾಶ್ ಮಾತ್ರ ಬೇಡ, ಕ್ರೋಮ್ ಮೇಲೆ ಬೆಳಕು ಹೊಡೆದು ಏನೂ ಕಾಣುವುದಿಲ್ಲ.

ಸಮಯ ಉಳಿದರೆ ಒಂದೇ ಒಂದು ರೇಸ್ ಕಾರು ನೋಡಿ, ಅದೂ ಬಾಡಿ ತೆಗೆದಿಟ್ಟದ್ದು ಸಿಕ್ಕರೆ. ಬೈಕ್ ತನ್ನ ಕೆಲಸವನ್ನೆಲ್ಲ ಹೊರಗೇ ತೋರಿಸುತ್ತೆ, ರೇಸ್ ಕಾರು ಎಲ್ಲ ಮುಚ್ಚಿಡುತ್ತೆ. ನಾನು ಎರಡನೇ ಸಲ ನೋಡಿದ್ದು ಲೋಟಸ್ 25. ಅದಕ್ಕೂ ಮುಂಚೆ ಫಾರ್ಮುಲಾ ಒನ್ ಕಾರುಗಳಿಗೆ ಪೈಪ್ ಬೆಸೆದು ಮಾಡಿದ ಫ್ರೇಮ್ ಇರ್ತಿತ್ತು. 1962ರಲ್ಲಿ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಅಲ್ಯುಮಿನಿಯಂ ತಗಡನ್ನೇ ಮಡಚಿ ರಿವೆಟ್ ಹೊಡೆದು ತೊಟ್ಟಿಯ ಹಾಗೆ ಮಾಡಿದರು. ಎರಡು ಪಕ್ಕದಲ್ಲೂ ಪೆಟ್ರೋಲ್, ನಡುವೆ ಒರಗಿಕೊಂಡ ಚಾಲಕ. ಆ ತಗಡು ಎಷ್ಟು ತೆಳು ಅಂತ ಅಂಚಿನಲ್ಲಿ ಬಗ್ಗಿ ನೋಡಿದೆ. 1963ರಲ್ಲಿ ಲೋಟಸ್ ಚಾಲಕ ಜಿಮ್ ಕ್ಲಾರ್ಕ್ ಇಂಥದರಲ್ಲೇ ಮಲಗಿ ವಿಶ್ವ ಚಾಂಪಿಯನ್‌ಶಿಪ್‌ನ 10ರಲ್ಲಿ 7 ರೇಸ್ ಗೆದ್ದದ್ದು. ಫೋಟೋ ತೆಗೆಯಲು ಕೈ ಹೋಗಲಿಲ್ಲ.

ನಿಮ್ಮ ಬೈಕ್ ಯಾವುದು ಅಂತ ಬರೆದಿಲ್ಲ. ಬಿ31 ಆಗಿದ್ದರೆ ಹೇಳಿ, ಎರಡನೇ ಸಲ ತೆಗೆದ ಫೋಟೋಗಳೆಲ್ಲ ಹಾಗೇ ಇವೆ, ಕಳಿಸ್ತೇನೆ. ಕೇಬಲ್‌ದೇ ಹದಿನೇಳು ಇವೆ.