ಸಂಪಾದಕರ ಉತ್ತರ: ಶೇ 90 ಎಂದರೆ ಎಷ್ಟು ಜನರಲ್ಲಿ?

ಪ್ರಿಯ ಓದುಗರೇ,

ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಗೆಯೇ ಆಗಲಿ. ನಿಮ್ಮ ನಾಲ್ಕು ಪುಟದ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಹೇಳಿಬಿಡುತ್ತೇನೆ. ವ್ಯವಹಾರ ನಿರ್ವಹಣೆಯಲ್ಲಿ ಪದವಿ ಮುಗಿಸಿ ಎರಡು ವರ್ಷದಿಂದ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದೀರಿ. ಡೇಟಾ ಅನಾಲಿಟಿಕ್ಸ್ (ದತ್ತಾಂಶ ವಿಶ್ಲೇಷಣೆ) ಕಡೆಗೆ ಹೋಗುವ ಆಸೆ. ಹನ್ನೆರಡು ವಾರಗಳ ಪೂರ್ಣಾವಧಿ ತರಬೇತಿಯೊಂದರ ಜಾಹೀರಾತು ಕಣ್ಣಿಗೆ ಬಿದ್ದಿದೆ. ‘ನಮ್ಮಲ್ಲಿ ಕಲಿತ ಶೇ 90ರಷ್ಟು ಮಂದಿಗೆ ಉದ್ಯೋಗ’ ಎಂದು ಅದರಲ್ಲಿದೆ. ಆದರೆ ನೀವು ಒಂದು ಸಾಲು ಕೋಡ್ ಬರೆದವರಲ್ಲ, ಗಣಿತವೂ ಅಷ್ಟಕ್ಕಷ್ಟೇ. ಎಂಜಿನಿಯರುಗಳ ನಡುವೆ ನಿಲ್ಲಬಲ್ಲೆನೇ, ಕೆಲಸ ಬಿಟ್ಟು ಸೇರಲೇ ಎಂದು ಕೇಳಿದ್ದೀರಿ.

ಮೊದಲು ಆ ಶೇ 90ನ್ನು ವಿಚಾರಿಸಿಕೊಳ್ಳೋಣ. ನೀವು ಹಿಡಿಯಬೇಕೆಂದಿರುವ ವೃತ್ತಿಯ ಮೊದಲ ಪಾಠ ಆ ಜಾಹೀರಾತಿನಲ್ಲೇ ಇದೆ, ಅದೂ ಪುಕ್ಕಟೆಯಾಗಿ. ಉದಾಹರಣೆಗೆ, ತರಬೇತಿಗೆ 100 ಜನ ಸೇರಿದರು ಎನ್ನಿ. 30 ಮಂದಿ ನಡುವೆ ಬಿಟ್ಟುಹೋದರು. ಉಳಿದವರಲ್ಲಿ 20 ಮಂದಿ ‘ವಾರಕ್ಕೆ ಇಷ್ಟು ಅರ್ಜಿ ಹಾಕಬೇಕು’ ಎಂಬಂಥ ಷರತ್ತು ಪೂರೈಸಲಿಲ್ಲವೆಂದು ಪಟ್ಟಿಯಿಂದ ಹೊರಗಾದರು. ಮಿಕ್ಕ 50 ಜನರಲ್ಲಿ 45 ಮಂದಿಗೆ ಕೆಲಸ ಸಿಕ್ಕಿತು. ಐವತ್ತರಲ್ಲಿ ನಲವತ್ತೈದು, ಅಂದರೆ ಶೇ 90. ಜಾಹೀರಾತಿನಲ್ಲಿ ಸುಳ್ಳಿಲ್ಲ. ಹಣ ಕಟ್ಟಿ ಸೇರಿದವರ ಲೆಕ್ಕದಲ್ಲಿ ನೋಡಿದರೆ ಮಾತ್ರ ಅದು ಶೇ 45. ಆ ನಲವತ್ತೈದರಲ್ಲೂ ಅದೇ ಸಂಸ್ಥೆಯಲ್ಲಿ ಸಹಾಯಕ ಬೋಧಕರಾದವರು, ಮೂರು ತಿಂಗಳ ಗುತ್ತಿಗೆಗೆ ಹೋದವರು, ಹಳೆಯ ಕೆಲಸಕ್ಕೇ ಮರಳಿದವರು ಎಷ್ಟು? ಛೇದದಲ್ಲಿ ಯಾರನ್ನು ಇಟ್ಟಿದ್ದೀರಿ, ಎಷ್ಟು ತಿಂಗಳೊಳಗೆ ಸಿಕ್ಕ ಕೆಲಸ, ಯಾವ ಹುದ್ದೆ, ಅವರು ಮೊದಲು ಏನು ಓದಿದ್ದರು ಎಂದು ಸಂಸ್ಥೆಗೆ ಬರೆದು ಕೇಳಿ. ಉತ್ತರ ಕೊಡದ ಸಂಸ್ಥೆಯನ್ನು ಪಟ್ಟಿಯಿಂದ ಹೊಡೆದುಹಾಕಿ.

ಇನ್ನು ನಿಮ್ಮ ಅಳುಕು. ಈ ಕ್ಷೇತ್ರದ ಚರಿತ್ರೆಯನ್ನು ಸ್ವಲ್ಪ ನೋಡಿದರೆ ಅದು ಅರ್ಧ ಇಳಿಯಬಹುದು. ವೈಯಕ್ತಿಕ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ‘ವಿಸಿಕ್ಯಾಲ್ಕ್’ 1979ರಲ್ಲಿ ಬಂತು. ಅದರ ಕಲ್ಪನೆ ಡಾನ್ ಬ್ರಿಕ್ಲಿನ್ ಅವರಿಗೆ ಹೊಳೆದದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ. ಒಂದು ಅಂಕಿ ಬದಲಾದರೆ ಇಡೀ ಕೋಷ್ಟಕವನ್ನು ಮತ್ತೆ ಲೆಕ್ಕ ಹಾಕುವ ಬೇಸರವೇ ಅದಕ್ಕೆ ಮೂಲ. (ಅವರು ಅದಕ್ಕೂ ಮೊದಲೇ ಪ್ರೋಗ್ರಾಮಿಂಗ್ ಬಲ್ಲವರಾಗಿದ್ದರು ಎಂಬುದನ್ನು ಮುಚ್ಚಿಡುವುದಿಲ್ಲ.) ಎಸ್‌ಕ್ಯೂಎಲ್ (ಕೋಷ್ಟಕಗಳಲ್ಲಿ ಇಟ್ಟ ದತ್ತಾಂಶದಿಂದ ಬೇಕಾದ್ದನ್ನು ಕೇಳಿ ಪಡೆಯುವ) ಭಾಷೆಯ ಮೊದಲ ರೂಪವನ್ನು 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಪ್ರಕಟಿಸಿದಾಗ, ಪ್ರೋಗ್ರಾಮಿಂಗ್ ವೃತ್ತಿಯವರಲ್ಲದವರೂ ಅದನ್ನು ಬಳಸಬೇಕೆಂಬುದು ಅವರ ಉದ್ದೇಶವಾಗಿತ್ತು. ಆ ಭಾಷೆ ನಿಮ್ಮಂಥವರಿಗಾಗಿಯೇ ಹುಟ್ಟಿದ್ದು. ಮೊದಲು ಅದನ್ನೇ ಕಲಿಯಿರಿ.

ಕಲಿಯುವಾಗ ನಿಮ್ಮ ಪದವಿ ಎಲ್ಲಿ ಕೈಹಿಡಿಯುತ್ತದೆ ಎಂಬುದಕ್ಕೆ ಒಂದು ಪ್ರಸಂಗ. ಗ್ರಾಹಕರೊಬ್ಬರು ಒಂದು ಆರ್ಡರಿನ ಹಣವನ್ನು ಎರಡು ಕಂತಿನಲ್ಲಿ ಕಟ್ಟಿದ್ದಾರೆ. ಆರ್ಡರುಗಳ ಕೋಷ್ಟಕವನ್ನು ಪಾವತಿಗಳ ಕೋಷ್ಟಕದೊಂದಿಗೆ ಜೋಡಿಸಿದೊಡನೆ ಆ ಆರ್ಡರ್ ಎರಡು ಸಾಲುಗಳಾಗುತ್ತದೆ. ಆಮೇಲೆ ಆರ್ಡರ್ ಮೊತ್ತವನ್ನು ಕೂಡಿದರೆ ಅದರ ಮಟ್ಟಿಗೆ ಮಾರಾಟ ದುಪ್ಪಟ್ಟು! ಕಂಪ್ಯೂಟರ್ ತಪ್ಪೆಂದು ಹೇಳುವುದಿಲ್ಲ. ಅಚ್ಚುಕಟ್ಟಾದ ನಕ್ಷೆಯನ್ನೂ ಬಿಡಿಸಿಕೊಡುತ್ತದೆ. ‘ಈ ತಿಂಗಳು ಇಷ್ಟು ಮಾರಾಟ ಸಾಧ್ಯವೇ ಇಲ್ಲ, ಲೆಡ್ಜರ್ ತನ್ನಿ’ ಎನ್ನುವವರು ಮಾರಾಟ ವಿಭಾಗದಲ್ಲಿ ದುಡಿದವರು. ಮಾರಾಟವನ್ನು ಆರ್ಡರ್ ಬಂದ ದಿನಕ್ಕೆ ಬರೆಯಬೇಕೇ, ಇನ್‌ವಾಯ್ಸ್ ದಿನಕ್ಕೇ? ವಾಪಸಾದ ಸರಕನ್ನು ಯಾವ ತಿಂಗಳಲ್ಲಿ ಕಳೆಯಬೇಕು? ಕಳೆದ ವರ್ಷ ಒಮ್ಮೆ ಕೊಂಡು ಆಮೇಲೆ ಬಾರದವರು ಈಗಲೂ ಗ್ರಾಹಕರೇ? ಕೋಡ್ ಬರೆಯುವ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳಿವು. ನಿಮ್ಮ ಪಕ್ಕದಲ್ಲಿ ಕೂರುವ ಎಂಜಿನಿಯರ್ ಇವನ್ನು ನಿಮ್ಮಿಂದಲೇ ಕೇಳಿ ತಿಳಿಯಬೇಕಾದೀತು.

ಗಣಿತದ ಭಯಕ್ಕೆ ಆಧಾರ ಇಲ್ಲದೇ ಇಲ್ಲ, ಆದರೆ ನೀವು ಭಯಪಡುತ್ತಿರುವ ಕಲನಶಾಸ್ತ್ರ ಇಲ್ಲಿ ದಿನನಿತ್ಯ ಎದುರಾಗುವುದಿಲ್ಲ. ಬೇಕಿರುವುದು ಸಂಖ್ಯಾಶಾಸ್ತ್ರ, ಅದರಲ್ಲೂ ಅದರ ಸಂಶಯಬುದ್ಧಿ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ತಲಾ 11 ಬಿಂದುಗಳ ನಾಲ್ಕು ದತ್ತಾಂಶ ಗುಂಪುಗಳನ್ನು ಪ್ರಕಟಿಸಿದರು. ನಾಲ್ಕರಲ್ಲೂ ಸರಾಸರಿ, ಹರವು, ಸಹಸಂಬಂಧ (ಎರಡು ಅಂಕಿಗಳು ಜೊತೆಯಾಗಿ ಏರಿಳಿಯುವ ಪ್ರಮಾಣ) ಹೆಚ್ಚುಕಡಿಮೆ ಒಂದೇ. ನಕ್ಷೆ ಬರೆದರೆ ಒಂದು ಸರಳರೇಖೆಯ ಸುತ್ತ ಚದುರಿದೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಉಳಿದೆರಡರಲ್ಲಿ ಒಂದೇ ಒಂದು ಬಿಂದು ಇಡೀ ಲೆಕ್ಕವನ್ನು ಎಳೆದಾಡುತ್ತಿದೆ. ಆ ಅಂಕಿಗಳನ್ನು ಹುಡುಕಿ ಒಂದು ಸಂಜೆ ನೀವೇ ಬರೆದು ನೋಡಿ. ಅದು ಹಿಡಿಸಿದರೆ ಈ ಕೆಲಸವೂ ಹಿಡಿಸುತ್ತದೆ.

ಹನ್ನೆರಡು ವಾರಗಳ ಪಠ್ಯದಲ್ಲಿ ಪೈಥಾನ್, ಡೀಪ್ ಲರ್ನಿಂಗ್, ಕ್ಲೌಡ್, ಕೃತಕ ಬುದ್ಧಿಮತ್ತೆ ಎಲ್ಲವನ್ನೂ ತುರುಕಿದ್ದರೆ ಅಲ್ಲಿಗೆ ಹೋಗಬೇಡಿ. ಕೊಳಕು ದತ್ತಾಂಶ ಕೊಟ್ಟು ತೊಳೆಸುತ್ತಾರೆಯೇ ಎಂದು ನೋಡಿ: ಒಂದೇ ಗ್ರಾಹಕರ ಹೆಸರು ಮೂರು ಬಗೆಯಲ್ಲಿ, ತಿಂಗಳು-ದಿನ ಅದಲುಬದಲಾದ ತಾರೀಖು, ಖಾಲಿ ಕೋಶಗಳು. ತರಬೇತಿಯ ಕೊನೆಯ ಪ್ರಾಜೆಕ್ಟಿಗೆ, ಹೊಸಬರು ಅಭ್ಯಾಸಕ್ಕೆ ಬಳಸುವ ಟೈಟಾನಿಕ್ ಪ್ರಯಾಣಿಕರ ಪಟ್ಟಿಯನ್ನು ಮಾತ್ರ ಆರಿಸಬೇಡಿ. ಅದನ್ನು ಸಂದರ್ಶಕರು ನೋಡಿ ನೋಡಿ ಬೇಸತ್ತಿದ್ದಾರೆ. ಪಾಪ, ಆ ಹಡಗು ಇನ್ನೆಷ್ಟು ಸಲ ಮುಳುಗಬೇಕು?

ಕೆಲಸ ಬಿಡುವ ಮಾತು. ಈಗಲೇ ಬೇಡ. ಎರಡು ಮೂರು ತಿಂಗಳು ಸಂಜೆಗಳಲ್ಲಿ ಎಸ್‌ಕ್ಯೂಎಲ್ ಅಭ್ಯಾಸ ಮಾಡಿ. ಮೇಲಧಿಕಾರಿಯ ಅನುಮತಿ ಪಡೆದು, ಗ್ರಾಹಕರ ಗುರುತು ತೆಗೆದು, ನಿಮ್ಮದೇ ವಿಭಾಗದ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಅದು ಮೆಚ್ಚುಗೆಯಾಗಿ ನಿಮ್ಮ ಕಂಪನಿಯೊಳಗೇ ವಿಶ್ಲೇಷಣೆಯ ಕೆಲಸ ಸಿಕ್ಕರೆ ತರಬೇತಿಯ ಶುಲ್ಕವೇ ಉಳಿಯಿತು. ಸಿಗದೆ ತರಬೇತಿಗೆ ಹೋಗುವುದೇ ಆದರೆ, ತರಬೇತಿಯ ಅವಧಿಗೆ ಮಾತ್ರವಲ್ಲದೆ ನಂತರದ ಆರು ತಿಂಗಳ ಹುಡುಕಾಟಕ್ಕೂ ಖರ್ಚಿನ ಹಣ ಇಟ್ಟುಕೊಳ್ಳಿ. ‘ಕೆಲಸ ಸಿಕ್ಕ ಮೇಲೆ ಶುಲ್ಕ ಕೊಡಿ’ ಎನ್ನುವ ಒಪ್ಪಂದವಾದರೆ, ಯಾವ ಕೆಲಸ ಸಿಕ್ಕರೂ ಕೊಡಬೇಕೇ, ಗರಿಷ್ಠ ಮೊತ್ತ ಎಷ್ಟು, ಎಷ್ಟು ವರ್ಷ ಎಂಬ ಮೂರನ್ನು ಓದದೆ ಸಹಿ ಹಾಕಬೇಡಿ.

ಹೊಸ ಲ್ಯಾಪ್‌ಟಾಪ್ ಬೇಕೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಎಸ್‌ಕ್ಯೂಎಲ್ ಅಭ್ಯಾಸಕ್ಕೆ ಸಾಲುವ, ಉಚಿತವಾಗಿ ಸಿಗುವ ತಂತ್ರಾಂಶ ಎಸ್‌ಕ್ಯೂಲೈಟ್ ನಿಮ್ಮ ಹಳೆಯ ಯಂತ್ರದಲ್ಲೇ ಓಡುತ್ತದೆ.

— ಸಂಪಾದಕ