ಘಟ್ಟ ಇಳಿದು ಕಡಲಿಗೆ: ಓದುಗರ ಪ್ರಶ್ನೆಗೆ ಕೊಡಗಿನ ಗೈಡ್ ಉತ್ತರ

ಪ್ರಶ್ನೆ: ಡಿಸೆಂಬರ್ ಕೊನೆಗೆ ಆರು ಜನ ಕೊಡಗಿಗೆ ಬರಬೇಕೆಂದಿದ್ದೇವೆ. ನಾನು, ನಮ್ಮೆಜಮಾನರು, ಅತ್ತೆ-ಮಾವ, ಇಬ್ಬರು ಮಕ್ಕಳು. ಮಾವನವರಿಗೆ ತಲಕಾವೇರಿ ನೋಡುವ ಆಸೆ. ಮಕ್ಕಳಿಗೆ ಸಮುದ್ರ ಬೇಕಂತೆ. ಅತ್ತೆಗೆ ಮಂಡಿನೋವು. ಬಂದು ಹೋಗುವ ಪ್ರಯಾಣ ಬಿಟ್ಟು ಐದು ದಿನ ಕೈಯಲ್ಲಿದೆ. ಏಜೆಂಟ್ ಒಬ್ಬರು ನಮಗೇ ಅಂತ ಬೇರೆ ಕಾರು, ಜೊತೆಗೆ ಗೈಡ್ ಎಂದು ಹೇಳಿ ಹದಿನೇಳು ಜಾಗಗಳ ಪಟ್ಟಿ ಕಳಿಸಿದ್ದಾರೆ. ಅಷ್ಟು ದುಡ್ಡು ಕೊಟ್ಟು ಗೈಡ್ ಬೇಕಾ ಅಣ್ಣಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೈಡ್ ಇರಲಿ, ಆ ಪಟ್ಟಿ ಬೇಡ. ನಮಗೇ ಅಂತ ಕಾರು ಮಾಡಿಕೊಳ್ಳುವುದು ಮನಸ್ಸು ಬಂದಲ್ಲಿ ನಿಲ್ಲಿಸೋಕೆ ಅಲ್ವಾ? ಹದಿನೇಳು ಜಾಗ ಇಟ್ಟುಕೊಂಡರೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಪಾರ್ಕಿಂಗ್, ಟಿಕೆಟ್ ಸಾಲು, ಒಂದು ಫೋಟೊ, ಮತ್ತೆ ಕಾರು. ಅಷ್ಟಕ್ಕೆ ಬಸ್ ಪ್ಯಾಕೇಜೇ ಸಾಕು, ದುಡ್ಡೂ ಉಳಿಯುತ್ತದೆ.

ನಾನು ಸಂಪಾಜೆ ಕಡೆಯವನು. ಮಡಿಕೇರಿಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ, ಅದರ ಜೊತೆಗೇ ಗೈಡ್ ಕೆಲಸ. ಬೆಟ್ಟವೂ ಬೇಕು, ಕಡಲೂ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಘಟ್ಟದಲ್ಲಿ ಇಳಿಯಿರಿ, ಇನ್ನೊಂದು ಘಟ್ಟದಲ್ಲಿ ಹತ್ತಿ. ಸಂಪಾಜೆ ಘಟ್ಟ ಇಳಿದರೆ ಸುಳ್ಯ, ಜಾಲ್ಸೂರು ದಾಟಿ ಕಾಸರಗೋಡು, ಕಡಲ ದಂಡೆಯ ಬೇಕಲ. ವಾಪಸ್ ಬರುವಾಗ ಕಾಞಂಗಾಡು, ಪಾಣತ್ತೂರು, ಕರಿಕೆ ಮೂಲಕ ಭಾಗಮಂಡಲ. ಹೋದ ದಾರಿಯಲ್ಲೇ ಬರುವ ಬೇಸರ ಇರುವುದಿಲ್ಲ. ಮಾವನವರ ತಲಕಾವೇರಿ ಐದನೇ ದಿನಕ್ಕೆ ಸಿಗುತ್ತದೆ.

ಮೊದಲ ಎರಡು ರಾತ್ರಿ ಮಡಿಕೇರಿ ಸುತ್ತಮುತ್ತ ಒಂದೇ ತೋಟದ ಮನೆಯಲ್ಲಿ ಇರಿ. ದಿನಾ ಚೀಲ ಕಟ್ಟೋದು, ಬಿಚ್ಚೋದು ವಯಸ್ಸಾದವರಿಗೆ ನಡೆಯುವುದಕ್ಕಿಂತ ಜಾಸ್ತಿ ಸುಸ್ತು. ಡಿಸೆಂಬರ್ ಎಂದರೆ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಮನೆಯವರನ್ನು ಕೇಳಿ ಮಕ್ಕಳನ್ನು ಕೊಯ್ಯುವವರ ಜೊತೆ ಬಿಡಿ. ಕೆಂಪಗೆ ಹಣ್ಣಾದ ಕಾಫಿಯನ್ನು ಬೆರಳಲ್ಲಿ ಹಿಚುಕಿದರೆ ಎರಡು ಬೀಜ ಜಾರಿ ಹೊರಗೆ ಬರುತ್ತವೆ. ಬೀಜದ ಮೈಯೆಲ್ಲಾ ಲೋಳೆ. ಬಾಯಿಗೆ ಹಾಕಿಕೊಂಡರೆ ಸಿಹಿ, ಕಾಫಿಯ ರುಚಿ ಸ್ವಲ್ಪವೂ ಇಲ್ಲ! ಅದೇ ಬೀಜ ಕಣದಲ್ಲಿ ಒಣಗುತ್ತಿರುವುದನ್ನೂ ತೋರಿಸಿ. ಅಷ್ಟರಲ್ಲಿ ಒಂದು ಬೆಳಗ್ಗೆ ಕಳೆದಿರುತ್ತದೆ. ಅತ್ತೆಯವರು ಜಗುಲಿಯಲ್ಲಿ ಕೂತೇ ಎಲ್ಲಾ ನೋಡಬಹುದು. ಸಂಜೆಗೆ ಸೂರ್ಯಾಸ್ತ ನೋಡಲು ಮಡಿಕೇರಿಯ ರಾಜಾಸೀಟ್ ಸಾಕು.

ಮಾಂದಲಪಟ್ಟಿ ಬೆಟ್ಟ ನಿಮ್ಮ ಪಟ್ಟಿಯಲ್ಲಿದೆ. ಜೀಪಿನ ಆ ಕುಲುಕಾಟ ಮಂಡಿನೋವಿನವರಿಗೆ ಖಂಡಿತ ಬೇಡ. ಅಬ್ಬಿ ಜಲಪಾತಕ್ಕೂ ಮೆಟ್ಟಿಲು ಇಳಿದು ಹತ್ತಬೇಕು. ಟಿಬೆಟನ್ನರ ಊರು ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯಲ್ಲಿ. ಕೊಡಗಿಗೆ ರೈಲಿಲ್ಲ, ಹಾಗಾಗಿ ಮೈಸೂರಿನ ತನಕ ರೈಲಲ್ಲಿ ಬರುವುದಾದರೆ ದಾರಿಯಲ್ಲೇ ನೋಡಿಕೊಂಡು ಬನ್ನಿ. ಅದಕ್ಕಾಗಿ ಮತ್ತೆ ಕೆಳಗೆ ಹೋಗಬೇಡಿ.

ಮೂರನೇ ದಿನ ತಿಂಡಿ ಮುಗಿಸಿ ಇಳಿಯಿರಿ. ಗೈಡ್ ಬೇಕು ಅಂದದ್ದು ಇಲ್ಲಿಗೆ. ಘಟ್ಟದ ಕೆಳಗೆ ರಸ್ತೆ ಪಕ್ಕದಲ್ಲಿ ಒಂದು ಹೊಳೆ ಕಾಣುತ್ತದೆ, ಪಯಸ್ವಿನಿ. ಡಿಸೆಂಬರಿನಲ್ಲಿ ನೀರು ಕಡಿಮೆ, ಬಂಡೆ ಜಾಸ್ತಿ. ಎಷ್ಟೋ ಕಾರುಗಳು ಅದನ್ನು ನೋಡದೆಯೇ ಸುಳ್ಯ ಮುಟ್ಟುತ್ತವೆ. ಇದೇ ಹೊಳೆ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಅರಬ್ಬಿ ಸಮುದ್ರಕ್ಕೆ ಸೇರುವುದು. ಬೆಳಗ್ಗೆ ಘಟ್ಟದಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ಮುಟ್ಟಿದ ಹೊಳೆಯನ್ನು ಸಂಜೆ ಚಂದ್ರಗಿರಿ ಸೇತುವೆ ಮೇಲಿಂದ ನೋಡಿದರೆ ಮಕ್ಕಳು ನಂಬುವುದಿಲ್ಲ, ಅಷ್ಟು ಅಗಲ. ಕೊಡಗಿನ ಈ ಮಗ್ಗುಲಿಗೆ ಬಿದ್ದ ಮಳೆ ಬೇಗ ಕಡಲು ಕಾಣುತ್ತದೆ. ಆ ಮಗ್ಗುಲಿಗೆ ಬಿದ್ದದ್ದು ಕಾವೇರಿಯಾಗಿ ಮೈಸೂರು ಸೀಮೆ, ತಮಿಳುನಾಡು ಎಲ್ಲಾ ದಾಟಿ ಬಂಗಾಳ ಕೊಲ್ಲಿಗೆ ಹೋಗಬೇಕು. ಇದನ್ನು ಕಾರಲ್ಲಿ ಕೂತು ಹೇಳಿದರೆ ಯಾರ ತಲೆಗೂ ಹೋಗಲ್ಲ. ಹೊಳೆ ಹತ್ತಿರ ನಿಲ್ಲಿಸಿ ಹೇಳಬೇಕು.

ದಾರಿಯಲ್ಲಿ ಮಾತೂ ಬದಲಾಗುತ್ತಾ ಹೋಗುತ್ತದೆ. ಮಡಿಕೇರಿಯಲ್ಲಿ ಕೊಡವ ತಕ್ಕ್, ಸಂಪಾಜೆ-ಸುಳ್ಯದಲ್ಲಿ ನಮ್ಮ ಅರೆಭಾಷೆ, ಜೊತೆಗೆ ತುಳು, ಮುಂದೆ ಮಲಯಾಳ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಈಗಲೂ ಅಲ್ಲಿ ಕನ್ನಡ ಶಾಲೆಗಳಿವೆ, ನಿಮ್ಮ ಮಾತು ನಡೆಯುತ್ತದೆ.

ಒಂದು ವಿಷಯ ಬೇಸರದಿಂದಲೇ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಇದೇ ದಾರಿಯ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಮನೆ, ತೋಟ, ಜೀವ ಹೋಯಿತು. ಅಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಸುವ ಗೈಡ್‌ಗಳಿದ್ದಾರೆ. ನಾನು ನಿಲ್ಲಿಸುವುದಿಲ್ಲ, ನೀವೂ ಕೇಳಬೇಡಿ. ಏನಾಯಿತು, ಯಾಕಾಯಿತು ಅಂತ ಎಷ್ಟು ಬೇಕಾದರೂ ಕೇಳಿ, ಹೇಳುತ್ತೇವೆ.

ಮೂರು, ನಾಲ್ಕನೇ ರಾತ್ರಿ ಬೇಕಲದಲ್ಲಿ. ಕೋಟೆ ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು, ನಿಮ್ಮ ಸೀಮೆಯ ಕಡೆಯವರದ್ದೇ ಕೆಲಸ. ಒಳಗೆ ಹುಲ್ಲುಹಾಸಿನ ಬಯಲು ದೊಡ್ಡದು, ನೆರಳು ಕಡಿಮೆ. ಬಿಸಿಲು ಇಳಿದ ಮೇಲೆ ಹೋಗಿ. ಗೋಡೆಯ ಕಿಂಡಿಗಳಲ್ಲಿ ಇಣುಕಿದರೆ ಸಮುದ್ರ ತುಂಡು ತುಂಡಾಗಿ ಕಾಣುತ್ತದೆ, ಮಕ್ಕಳಿಗೆ ಅದೇ ಆಟ. ನಾಲ್ಕನೇ ದಿನ ಏನೂ ಇಟ್ಟುಕೊಳ್ಳಬೇಡಿ. ಮಕ್ಕಳು ಸಮುದ್ರಕ್ಕೆ ಬಂದಿದ್ದಾರೆ, ಸುಮ್ನೆ ಮರಳಲ್ಲಿ ಆಡಲಿ.

ಐದನೇ ದಿನ ಬೇಗ ಹೊರಡಿ. ಕರಿಕೆ ರಸ್ತೆ ಕಿರಿದು, ತಿರುವು ಜಾಸ್ತಿ, ಕಾಡಿನೊಳಗೆ ಫೋನ್ ಸಿಗುವುದು ಕಷ್ಟ, ಆನೆ ಓಡಾಡುವ ಜಾಗ. ಬೆಳಕಿರುವಾಗಲೇ ದಾಟಬೇಕು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವಲ್ಲಿ ಕೈಕಾಲು ತೊಳೆದು ಎಂಟು ಕಿಲೋಮೀಟರ್ ಮೇಲೆ ಹೋದರೆ ತಲಕಾವೇರಿ. ಅಲ್ಲಿ ಮೆಟ್ಟಿಲುಗಳಿವೆ. ಅತ್ತೆಯವರಿಗೆ ಅವಸರ ಮಾಡದ ಗೈಡ್ ಬೇಕಾಗುವುದು ಇಲ್ಲಿ. ಮಾವನವರಿಗೆ ಕಾವೇರಿ ಹುಟ್ಟುವ ಕುಂಡಿಕೆ ಎದುರು ಬೇಕಾದಷ್ಟು ಹೊತ್ತು ಕೊಡಿ. ಗಾಳಿ ಚಳಿ ಇರುತ್ತದೆ, ಶಾಲು ಕೈಗೆ ಸಿಗುವ ಹಾಗೆ ಇಡಿ.

ಪ್ರಶ್ನೆ: ಅಡ್ವಾನ್ಸ್ ಕೊಡುವ ಮೊದಲು ಗೈಡ್ ಹತ್ತಿರ ಏನು ಕೇಳಬೇಕು?
– ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ಮೊದಲು ಸೀಟಿನ ಲೆಕ್ಕ. ಇನ್ನೋವಾದಲ್ಲಿ ಆರು ಜನ ಕೂತು ಡ್ರೈವರ್ ಹತ್ತಿದರೆ ಗೈಡ್ ಎಲ್ಲಿ ಕೂರಬೇಕು? ಚೀಲ ಎಲ್ಲಿ? ಒಂದೋ ಡ್ರೈವರೇ ಗೈಡ್ ಆಗಿರಬೇಕು, ಇಲ್ಲವೇ ಸಣ್ಣ ಟೆಂಪೊ ಟ್ರಾವೆಲರ್ ಬೇಕು. ಕೊಡಗಿನಲ್ಲಿ ಡ್ರೈವರ್-ಗೈಡ್ ಒಬ್ಬರೇ ಆಗಿರುವುದು ಸಾಮಾನ್ಯ, ಅದರಲ್ಲಿ ತಪ್ಪೇನಿಲ್ಲ. ಗಾಡಿ ಹಳದಿ ಬೋರ್ಡಿನದ್ದೇ ಇರಲಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸುವ ಹಾಗಿಲ್ಲ, ಏನಾದರೂ ಆದರೆ ಇನ್ಶೂರೆನ್ಸ್‌ಗೆ ನೀವೇ ಪರದಾಡಬೇಕು.

ಬಾಡಿಗೆ ಕಿಲೋಮೀಟರ್ ಲೆಕ್ಕವಾದರೆ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ ಕೇಳಿ. ಘಟ್ಟದಲ್ಲಿ ಅಷ್ಟು ಓಡುವುದೇ ಇಲ್ಲ, ದಿನದ ಒಟ್ಟು ಬಾಡಿಗೆಗೆ ಮಾತಾಡಿಕೊಳ್ಳುವುದು ಒಳ್ಳೆಯದು. ಬಾಟಾ, ಪಾರ್ಕಿಂಗ್, ಕೇರಳದ ಪರ್ಮಿಟ್ ಖರ್ಚು ಒಳಗೋ ಹೊರಗೋ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದನ್ನೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಕಾರಲ್ಲೇ ಮುದುಡಿ ಮಲಗಿದವರ ಕೈಯಲ್ಲಿ ಮರುದಿನ ಕರಿಕೆ ತಿರುವುಗಳಿರುತ್ತವೆ. ತೋಟದ ಮನೆಯವರಿಗೆ ಮೊದಲೇ ಹೇಳಿದರೆ ಒಂದು ಹಾಸಿಗೆ ಕೊಡುತ್ತಾರೆ.

ಸಸ್ಯಾಹಾರಿಗಳಾದರೆ ಅದನ್ನೂ ಮನೆಯವರಿಗೆ ಮೊದಲೇ ತಿಳಿಸಿ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ, ಎಳ್ಳು ಪಜ್ಜಿ ಅಂತ ಕೊಡಗಿನ ಅಡುಗೆ ಇರುವಾಗ ನೀವು ಪಲಾವ್ ತಿಂದು ಹೋಗಬೇಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಘಟ್ಟದಲ್ಲಿ ವಾಂತಿ. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ತಿರುವಿನ ಎಳೆತ ಅಲ್ಲೇ ಜಾಸ್ತಿ. ಮಧ್ಯದ ಸೀಟು, ಕಿಟಕಿ ಅರ್ಧ ತೆರೆದು, ದೂರದ ಬೆಟ್ಟ ನೋಡಲಿ. ಮೊಬೈಲ್ ಕೊಡಬೇಡಿ. ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ಕೊಡಿ, ವಾಂತಿ ಶುರುವಾದ ಮೇಲೆ ಕೊಟ್ಟರೆ ನಿಲ್ಲುವುದಿಲ್ಲ. ಮಗು ಸುಮ್ಮನಾಗಿ ಆಕಳಿಸತೊಡಗಿದರೆ ಕೂಡಲೇ ಡ್ರೈವರಿಗೆ ಹೇಳಿ. ಸಂಕೋಚ ಬೇಡ, ನಾವು ನಿಲ್ಲಿಸುತ್ತೇವೆ.