ಚಾರ್ಮಾಡಿಯ ತಿರುವಿನಲ್ಲಿ ಒಂದು ಮೊಳ

ಪ್ರಿಯ ಮಿತ್ರರೇ,

‘ಚಲಿಸುವ ವಾಹನಗಳಲ್ಲಿ ಹ್ಯಾಮ್ ರೇಡಿಯೊ: ಆಂಟೆನಾ ಧ್ರುವೀಕರಣ ಮತ್ತು ಸಂಕೇತಗಳ ಪ್ರತಿಫಲನ’ ಎಂಬ, ಹವ್ಯಾಸಿಗಳು ತಮ್ಮೊಳಗೆ ಮಾತಾಡಿಕೊಳ್ಳುವ ರೇಡಿಯೊ ಕುರಿತ ನಿಮ್ಮ ಹತ್ತು ಪುಟಗಳ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಏಳನೆಯ ಪುಟದ ಒಂದು ಪ್ಯಾರಾ ಇಲ್ಲದೆ ಹೋಗಿದ್ದರೆ ನಾಲ್ಕು ಸಾಲು ಬರೆದು ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೆ. ಅದು ಇರುವುದರಿಂದ ಈ ಉದ್ದದ ಕಾಗದ.

ಆ ಪ್ಯಾರಾ ಯಾವುದೆಂದು ನಿಮಗೇ ಹೊಳೆದಿರಲಾರದು. ಅಷ್ಟು ಮೂಲೆಯಲ್ಲಿ ಇಟ್ಟಿದ್ದೀರಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಿರಿ. ಅಣ್ಣ ಕಾರು ಓಡಿಸುತ್ತಿದ್ದರು, ಮೈಕ್ ನಿಮ್ಮ ಕೈಯಲ್ಲಿತ್ತು. ಉಜಿರೆಯ ಗೆಳೆಯನ ಜೊತೆ 145 ಮೆಗಾಹರ್ಟ್ಸ್‌ನಲ್ಲಿ, ನಡುವೆ ಧ್ವನಿಯನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಇಲ್ಲದೆ, ನೇರ ಮಾತು. ಒಂದು ತಿರುವಿನಲ್ಲಿ ಮೇಲೆ ಬರುತ್ತಿದ್ದ ಲಾರಿಗೆ ದಾರಿ ಬಿಡಲು ನಿಂತಿರಿ. ಗೆಳೆಯನ ಧ್ವನಿ ಮಾಯವಾಗಿ ಬರೀ ಸುಯ್ ಎನ್ನುವ ಸದ್ದು. ಕಾರು ಒಂದು ಮೊಳದಷ್ಟು ಮುಂದಕ್ಕೆ ಉರುಳಿತು, ಧ್ವನಿ ಸ್ಪಷ್ಟವಾಗಿ ಮರಳಿತು. ‘ಮತ್ತೆ ಹಿಂದಕ್ಕೆ ತೆಗೆಸಿದೆ, ಹೋಯಿತು. ಮುಂದಕ್ಕೆ, ಬಂತು. ಮೂರನೆಯ ಸಲಕ್ಕೆ ಅಣ್ಣ ಬೈದ’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಕಾಣಿಸಿಕೊಳ್ಳುವುದು ಇಲ್ಲಿ ಮಾತ್ರ. ಬರಹ ಶುರುವಾಗಬೇಕಾದದ್ದೂ ಇಲ್ಲಿಂದಲೇ.

‘ಒಂದು ಮೊಳ’ ಎಂಬ ಮಾತನ್ನು ನೀವು ಅಂದಾಜಿಗೆ ಬಳಸಿರಬಹುದು, ಆದರೆ ಅದು ಎಷ್ಟು ಸರಿಯಾಗಿ ಕೂತಿದೆ ನೋಡಿ. 145 ಮೆಗಾಹರ್ಟ್ಸ್ ಅಲೆಯ ಉದ್ದ 2 ಮೀಟರಿಗಿಂತ ತುಸು ಹೆಚ್ಚು. ಕಣಿವೆಯಿಂದ ಎದುರಾಗಿ ಬಂದ ಅಲೆಯೂ ಬೆನ್ನಿಗಿರುವ ಬಂಡೆಗೆ ಬಡಿದು ಮರಳಿದ ಅಲೆಯೂ ಒಂದರ ಮೇಲೊಂದು ಬಿದ್ದಾಗ, ಕೆಲವು ಜಾಗಗಳಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಸತ್ತ ಜಾಗದಿಂದ ಇನ್ನೊಂದಕ್ಕೆ ಅರ್ಧ ಅಲೆಯ ದೂರ, ಅಂದರೆ ಸುಮಾರು 1 ಮೀಟರ್. ಸತ್ತ ಜಾಗದಿಂದ ಜೀವವಿರುವ ಜಾಗಕ್ಕೆ ಅದರ ಅರ್ಧ, ಹೆಚ್ಚುಕಡಿಮೆ 52 ಸೆಂಟಿಮೀಟರ್. ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗೆ ನಾಲ್ಕು ಬೆರಳು ಸೇರಿಸಿದರೆ ಆಯಿತು. ಕಾರಿನ ಚಾವಣಿಯ ಮೇಲೆ ನೀವು ನೆಟ್ಟಿದ್ದ ಕಾಲು ಅಲೆಯ ಆಂಟೆನಾ ಸಲಾಕೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ, 49 ಸೆಂಟಿಮೀಟರ್ ಎಂದು ನೀವೇ ಮೂರನೆಯ ಪುಟದಲ್ಲಿ ಬರೆದಿದ್ದೀರಿ. ಈ ಎರಡು ಮೊಳಗಳನ್ನು ಒಂದೇ ಪುಟಕ್ಕೆ ತನ್ನಿ. ಅಲೆಯುದ್ದ ಎಂದರೇನು ಎಂಬುದು ಓದುಗನ ಮೈಗೇ ತಿಳಿಯುತ್ತದೆ.

ಐದನೆಯ ಪುಟದ ‘ಫ್ಲಟರ್’ ವಿವರಣೆಯೂ ಆಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಂತ ಕಾರಿನಲ್ಲಿ ಮೂರು ಸಲ ಹೋಗಿ ಬಂದ ಧ್ವನಿಯೇ ಓಡುವ ಕಾರಿನಲ್ಲಿ ಪಟಪಟ ಬಡಿದುಕೊಳ್ಳುವುದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 8 ಸತ್ತ ಜಾಗಗಳನ್ನು ದಾಟುತ್ತೀರಿ, 60ರಲ್ಲಿ 16. ನೀವು ಮಾತಾಡಿದ ಎಫ್‌ಎಂ ವಿಧಾನದಲ್ಲಿ ಧ್ವನಿ ಮೆಲ್ಲಗೆ ಕುಗ್ಗುವುದಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಸುಯ್ ಎನ್ನುವ ಸದ್ದು ನುಗ್ಗುತ್ತದೆ. ಆ ಪಟಪಟದ ಗುಟ್ಟು ಅದು. ಇದನ್ನು ನೀವು ಸಮೀಕರಣದಲ್ಲಿ ಹೇಳಿದ್ದೀರಿ. ಸಮೀಕರಣ ಸರಿಯಾಗಿದೆ, ಆದರೆ ಅದರ ಹಿಂದೆ ಕಾರು ಕಾಣುವುದಿಲ್ಲ.

ಈಗ ಮೊದಲ ಎರಡು ಪುಟಗಳು. ರೇಡಿಯೊ ಅಲೆಗಳನ್ನು ಪ್ರಯೋಗದಲ್ಲಿ ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೈನ್‌ರಿಶ್ ಹರ್ಟ್ಸ್ ಹುಟ್ಟಿದ್ದು, ಓದಿದ್ದು, ಪಡೆದ ಗೌರವಗಳು, ಎಲ್ಲವೂ ಇವೆ. ತೆಗೆದುಹಾಕಿ. ಅವನ ಒಂದೇ ಒಂದು ಕೆಲಸವನ್ನು ಉಳಿಸಿಕೊಳ್ಳಿ. 1888ರಲ್ಲಿ ಕಾರ್ಲ್ಸ್‌ರೂಎಯ ಉಪನ್ಯಾಸ ಕೊಠಡಿಯಲ್ಲಿ ಗೋಡೆಗೆ ಸತುವಿನ ದೊಡ್ಡ ತಗಡು ನಿಲ್ಲಿಸಿ, ತಂತಿಯ ಬಳೆಯೊಂದನ್ನು ಕೈಯಲ್ಲಿ ಹಿಡಿದು, ಅದರ ತುದಿಗಳ ನಡುವಿನ ಸಣ್ಣ ಸಂದಿನಲ್ಲಿ ಕಿಡಿ ಎಲ್ಲಿ ಹೊಳೆಯುತ್ತದೆ, ಎಲ್ಲಿ ಆರುತ್ತದೆ ಎಂದು ಹುಡುಕಿದ್ದು. ಆ ತಗಡೇ ನಿಮ್ಮ ಬಂಡೆ, ಆ ಬಳೆಯೇ ನಿಮ್ಮ ಕಾರು. ಚಾರ್ಮಾಡಿಯಲ್ಲಿ ಅಣ್ಣನಿಂದ ಬೈಸಿಕೊಂಡು ನೀವು ಮಾಡಿದ್ದು ಆ ಪ್ರಯೋಗವನ್ನೇ. ಇದು ನಿಮಗೆ ಗೊತ್ತಿರಲಿಲ್ಲ ಎಂಬುದು ಲೇಖನದಿಂದ ತಿಳಿಯುತ್ತದೆ, ಗೊತ್ತಾದಾಗ ಆಗುವ ಸಂತೋಷವನ್ನು ಓದುಗರಿಗೂ ಕೊಡಿ.

ಧ್ರುವೀಕರಣದ ಭಾಗಕ್ಕೆ ಬರೋಣ. ನಿಮ್ಮ ವಾಕ್ಯ ಹೀಗಿದೆ: ‘ಆಂಟೆನಾದಿಂದ ಹೊರಸೂಸಲ್ಪಡುವ ತರಂಗಗಳ ಧ್ರುವೀಕರಣವು ವಿದ್ಯುತ್ ಕ್ಷೇತ್ರದ ದಿಕ್ಕಿನಿಂದ ನಿರ್ಧರಿಸಲ್ಪಡುತ್ತದೆ.’ ತಪ್ಪಿಲ್ಲ, ಆದರೆ ಇದು ಕನ್ನಡದ ನಡಿಗೆಯಲ್ಲ. ‘ಲ್ಪಡು’ ಬಂದಲ್ಲೆಲ್ಲ ಕೆಲಸ ಮಾಡಿದವರು ಯಾರು ಎಂದು ಕೇಳಿಕೊಳ್ಳಿ. ನೆಟ್ಟಗೆ ನಿಂತ ಸಲಾಕೆಯಿಂದ ಹೊರಟ ಅಲೆ ಮೇಲೆ ಕೆಳಗೆ ತುಯ್ಯುತ್ತದೆ, ಮಲಗಿದ ಸಲಾಕೆಯಿಂದ ಹೊರಟದ್ದು ಅಡ್ಡಡ್ಡ ತುಯ್ಯುತ್ತದೆ. ನಮ್ಮ ಮನೆಗಳ ಮಾಡಿನ ಮೇಲೆ ಮೀನಿನ ಮೂಳೆಯಂತೆ ಇರುತ್ತಿದ್ದ ದೂರದರ್ಶನದ ಆಂಟೆನಾಗಳನ್ನು ನೆನಪಿಸಿ: ಅವುಗಳ ಕಡ್ಡಿಗಳೆಲ್ಲ ಮಲಗಿಯೇ ಇರುತ್ತಿದ್ದವು. ಕಾರಿನ ಸಲಾಕೆ ನಿಂತಿರುತ್ತದೆ. ಇಷ್ಟು ಕಣ್ಣಿಗೆ ಕಟ್ಟಿದ ಮೇಲೆ ‘ಧ್ರುವೀಕರಣ’ ಎಂಬ ಪದವನ್ನು ತನ್ನಿ. ಪತ್ರಿಕೆ ಓದುವವರಿಗೆ ಅದು ಚುನಾವಣೆಯ ಪದ, ಅದನ್ನೂ ನೆನಪಿಡಬೇಕು. ಇನ್ನು ‘ಗ್ರಾಹಕತಂತು’ ಬೇಡ, ಆಂಟೆನಾ ಸಾಕು. ಕೈಯಲ್ಲಿ ಹಿಡಿದು ಮಾತಾಡುವ ಪುಟ್ಟ ರೇಡಿಯೊವನ್ನು ಹ್ಯಾಮ್‌ಗಳು ಹ್ಯಾಂಡಿ ಎನ್ನುತ್ತಾರೆ, ಅದನ್ನು ‘ಕೈಹಿಡಿ ಪ್ರಸಾರಗ್ರಾಹಕ’ ಎನ್ನಲೂಬೇಡಿ.

ವಿಷಯದಲ್ಲೂ ಎರಡು ತಪ್ಪುಗಳಿವೆ. ಇವು ಭಾಷೆಯ ತಪ್ಪುಗಳಿಗಿಂತ ದೊಡ್ಡವು. ಒಂದು: ‘ವಾಹನಗಳಲ್ಲಿ ಲಂಬ ಆಂಟೆನಾ ಕಡ್ಡಾಯ’ ಎಂದಿದ್ದೀರಿ. ಹಾಗೆ ಕಡ್ಡಾಯ ಮಾಡಿದವರು ಯಾರೂ ಇಲ್ಲ. ನಿಮ್ಮ 145 ಮೆಗಾಹರ್ಟ್ಸ್ ಸೇರಿದ ಎರಡು ಮೀಟರ್ ಬ್ಯಾಂಡಿನಲ್ಲೇ ಎಸ್‌ಎಸ್‌ಬಿ ಎಂಬ ಧ್ವನಿ ವಿಧಾನದಲ್ಲೋ ಮೋರ್ಸ್ ಸಂಕೇತದಲ್ಲೋ ದೂರದ ಕ್ಷೀಣ ಸಿಗ್ನಲ್‌ಗಳನ್ನು ಹಿಡಿಯುವವರು ಯಾಗಿಯನ್ನು, ಅಂದರೆ ಆ ಮೀನಿನ ಮೂಳೆಯಂಥ ಆಂಟೆನಾವನ್ನು, ಅಡ್ಡಲಾಗಿಯೇ ಕಟ್ಟುತ್ತಾರೆ. ಕಾರಿನಲ್ಲಿ ಸಲಾಕೆಯನ್ನು ನಿಲ್ಲಿಸುವುದಕ್ಕೆ ಕಾರಣಗಳು ಬೇರೆ. ನಿಂತ ಸಲಾಕೆ ಸುತ್ತಲೂ ಒಂದೇ ಸಮನೆ ಪಸರಿಸುತ್ತದೆ. ಮಲಗಿದ ಡೈಪೋಲ್‌ನ, ಅಂದರೆ ಎರಡು ಸಲಾಕೆಗಳನ್ನು ಒಂದೇ ಗೆರೆಯಲ್ಲಿಟ್ಟ ಆಂಟೆನಾದ, ಎರಡು ತುದಿಗಳ ಕಡೆ ಸಿಗ್ನಲ್ ಬತ್ತಿರುತ್ತದೆ, ಘಾಟಿಯ ಪ್ರತಿ ತಿರುವಿಗೂ ಆ ಬತ್ತಿದ ದಿಕ್ಕು ಕಾರಿನ ಜೊತೆ ತಿರುಗುತ್ತದೆ. ಜೊತೆಗೆ ಕಾರಿನ ಲೋಹದ ಚಾವಣಿ ಕನ್ನಡಿಯಂತೆ ವರ್ತಿಸುತ್ತದೆ: ನಿಂತ ಸಲಾಕೆಯ ಬಿಂಬ ಅದಕ್ಕೆ ಬಲ ಕೊಡುತ್ತದೆ, ಚಾವಣಿಗೆ ಹತ್ತಿರ ಮಲಗಿದ ಸಲಾಕೆಯ ಬಿಂಬ ಅದನ್ನೇ ಕಳೆದುಹಾಕುತ್ತದೆ. ಇದೂ ಪ್ರತಿಫಲನವೇ. ನೀವು ಎರಡು ಬೇರೆ ಅಧ್ಯಾಯಗಳಲ್ಲಿ ಕೂಡಿಹಾಕಿದ ಸಂಗತಿಗಳು ಚಾವಣಿಯ ಮೇಲೆ ಒಂದಾಗಿವೆ.

ಇನ್ನೊಂದು ತಪ್ಪು ನನಗೆ ಹೆಚ್ಚು ಬೇಸರ ತಂದಿತು, ಏಕೆಂದರೆ ನಿಮ್ಮ ಕಿವಿಯೇ ಅದಕ್ಕೆ ವಿರುದ್ಧ ಸಾಕ್ಷಿ ಹೇಳಿತ್ತು. ‘ಒಂದು ಆಂಟೆನಾ ಲಂಬವಾಗಿ, ಇನ್ನೊಂದು ಅಡ್ಡಲಾಗಿ ಇದ್ದರೆ ಸಂಪರ್ಕ ಅಸಾಧ್ಯ’ ಎಂದು ಎಂಟನೆಯ ಪುಟದಲ್ಲಿದೆ. ಎರಡು ಪ್ಯಾರಾ ಕೆಳಗೆ, ಗೆಳೆಯ ಕಟ್ಟೆಯ ಮೇಲೆ ಒರಗಿ ಹ್ಯಾಂಡಿಯನ್ನು ಅಡ್ಡ ಹಿಡಿದಾಗ ‘ಧ್ವನಿ ಕ್ಷೀಣಿಸಿತು, ಆದರೂ ಅರ್ಥವಾಯಿತು’ ಎಂದಿದೆ. ಯಾವುದನ್ನು ನಂಬಲಿ? 45 ಡಿಗ್ರಿ ವಾಲಿದರೆ ಸಿಗ್ನಲ್‌ನ ಶಕ್ತಿ ಅರ್ಧಕ್ಕಿಳಿಯುತ್ತದೆ. 90 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಸೊನ್ನೆ, ಆದರೆ ತೆರೆದ ಬಯಲಿನಲ್ಲೂ ನಷ್ಟ 20 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ. ಹಾಗೆಂದರೆ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, 5 ವಾಟ್‌ನ ಹ್ಯಾಂಡಿ 50 ಮಿಲಿವಾಟ್‌ಗೆ ಇಳಿದಂತೆ. ಘಾಟಿಯಲ್ಲಿ ನಷ್ಟ ಇನ್ನೂ ಕಡಿಮೆ. ಓರೆ ಬಂಡೆ, ವಾಲಿದ ಕೊಂಬೆ, ವಿದ್ಯುತ್ ತಂತಿ, ಇವಕ್ಕೆ ಬಡಿದು ಬರುವ ಅಲೆ ಹೊರಟಾಗಿನ ತುಯ್ತವನ್ನು ಹಾಗೆಯೇ ಉಳಿಸಿಕೊಂಡಿರುವುದಿಲ್ಲ. ಅದರಲ್ಲಿ ನಿಂತದ್ದೂ ಇರುತ್ತದೆ, ಮಲಗಿದ್ದೂ ಇರುತ್ತದೆ. ಜಗದೀಶ ಚಂದ್ರ ಬೋಸ್ 1898ರಲ್ಲಿ ಹುರಿ ಮಾಡಿದ ಸೆಣಬಿನ ಮೂಲಕ ಅಲೆಯನ್ನು ಹಾಯಿಸಿ ಅದರ ತುಯ್ತದ ದಿಕ್ಕನ್ನೇ ತಿರುಗಿಸಿ ತೋರಿಸಿದ್ದರು. ಹರ್ಟ್ಸ್‌ಗೆ ಎರಡು ಪುಟ ಕೊಟ್ಟ ನೀವು ಬೋಸ್‌ಗೆ ಒಂದು ಸಾಲನ್ನೂ ಕೊಟ್ಟಿಲ್ಲ.

ಲೇಖನದುದ್ದಕ್ಕೂ ಪ್ರತಿಫಲನವನ್ನು ‘ಸಂಕೇತದ ಶತ್ರು’ ಎಂದು ಕರೆದಿದ್ದೀರಿ. ಬೆಟ್ಟದ ಮರೆಯಲ್ಲಿ ಗೆಳೆಯನ ಧ್ವನಿಯನ್ನು ನಿಮಗೆ ತಲುಪಿಸುತ್ತಿದ್ದದ್ದು ಹೆಚ್ಚಿನ ಹೊತ್ತು ಆ ಬಂಡೆಗಳೇ. ಮೊಳ ದೂರದಲ್ಲಿ ಧ್ವನಿಯನ್ನು ಕಿತ್ತುಕೊಂಡದ್ದೂ ಅವೇ. ನೀವು ಹೇಳಬೇಕಾದ ಸಂಗತಿ ಇದು. ಉಳಿದದ್ದೆಲ್ಲ ಇದರ ಸುತ್ತ ಬರಲಿ, ಬಾರದ್ದನ್ನು ಬಿಡಿ.

ಕೊನೆಯ ಪುಟದ ಒಂದು ವಾಕ್ಯವನ್ನು ಮಾತ್ರ ಯಾವ ಕಾರಣಕ್ಕೂ ಉಳಿಸಲಾರೆ: ‘ಆಸಕ್ತರು ಆನ್‌ಲೈನ್‌ನಲ್ಲಿ ಹ್ಯಾಂಡಿ ಕೊಂಡು ಇಂದೇ ಪ್ರಾರಂಭಿಸಬಹುದು.’ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ವಿಯು ಎಂದು ಶುರುವಾಗುವ ಕರೆಸಂಕೇತ ಕೈಗೆ ಬಂದ ಮೇಲೆಯೇ ಪ್ರಸಾರದ ಗುಂಡಿ ಒತ್ತಬೇಕು. ನೀವೂ ಹಾಗೆಯೇ ಬಂದವರು. ನಿಮ್ಮ ಮಾತು ನಂಬಿ ಹದಿನೈದರ ಹುಡುಗನೊಬ್ಬ ತೊಂದರೆಗೆ ಸಿಕ್ಕಿಕೊಳ್ಳಬಾರದು. ಹಾಗೆಯೇ ಘಾಟಿಯಲ್ಲಿ ಮೈಕ್ ಹಿಡಿದವರು ಸ್ಟೀರಿಂಗ್ ಹಿಡಿದಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ತಿದ್ದಿದ ಬರಹ ನಾಲ್ಕು ಪುಟ ಮೀರದಿರಲಿ, ಗಡುವು ಏನೂ ಇಲ್ಲ. ಕಳಿಸುವ ಮೊದಲು ಸಾಧ್ಯವಾದರೆ ಅಣ್ಣನನ್ನು ಒಪ್ಪಿಸಿ, ಅಳತೆಪಟ್ಟಿ ತೆಗೆದುಕೊಂಡು, ವಾಹನ ಸಂಚಾರ ಕಡಿಮೆ ಇರುವ ಮುಂಜಾನೆ ಆ ತಿರುವಿಗೆ ಇನ್ನೊಮ್ಮೆ ಹೋಗಿ. ಸತ್ತ ಜಾಗಗಳ ನಡುವೆ ನಿಜಕ್ಕೂ 1 ಮೀಟರ್ ಬರುತ್ತದೆಯೇ ನೋಡಿ. ಬಂಡೆ ಬೆನ್ನಿಗಿರದೆ ಪಕ್ಕಕ್ಕಿದ್ದರೆ ಅಂತರ ಹಿಗ್ಗಿ 2 ಮೀಟರಿನ ಹತ್ತಿರವೂ ಹೋಗಬಹುದು. ಲೇಖನದಲ್ಲಿ ಎಲ್ಲಿ ಹುಡುಕಿದರೂ ನನಗೆ ಸಿಗದ ವಿವರ ಅದು: ಕಾರು ನಿಂತಾಗ ಬಂಡೆ ಯಾವ ಕಡೆಗಿತ್ತು?

ವಿಶ್ವಾಸದಿಂದ,
ಸಂಪಾದಕ